ಸತ್ಯವಂತರು ಸೂರ್ಯನನ್ನು ಪಳಗಿಸಿದ್ದು

"ಇಷ್ಟು ದಿನ ಆ ಸೂರ್ಯ ಧಾರವಾಡದವರನ್ನ ಬೇಯಿಸಿದ. ಇನ್ನ ಮ್ಯಾಲೆ ನಮ್ಮನಿ ಆಳಾಗಿ ದುಡೀತಾನ!"

ಮಾಳಿಗೆಯ ತುಂಬ ಸೋಲಾರ್ ಪ್ಯಾನಲ್ ಹಾಸಿ, ಸೊಂಟದ ಮೇಲೆ ಕೈಯಿಟ್ಟು ಸತ್ಯವಂತರು ಹೀಗೆ ಸಾರಿದಾಗ ಕೇಳಿಸಿಕೊಂಡವರು ಇಬ್ಬರೇ: ಹೆಂಡತಿ ಡೋರಾ ಮತ್ತು ಆ ಸೂರ್ಯ. ಸೂರ್ಯ ಮಾತಾಡಲಿಲ್ಲ. ಡೋರಾ ಸುಮ್ಮನಿರುವ ಪೈಕಿಯಲ್ಲ.

"ಅಲ್ರೀ, ಇರೂ ಬಿಸಿಲೆಲ್ಲಾ ನೀವ ಹಿಡಕೊಂಡ್ರ ನಾ ಸಂಡಿಗಿ ಎಲ್ಲಿ ಇಡ್ಲಿ?"

"ಸಂಡಿಗಿ! ಜಗತ್ತು ಎಲ್ಲಿಗೆ ಹೊಂಟೈತಿ, ನೀ ಎಲ್ಲಿ ಕುಂತಿ! ಎಲ್ಲಿ ಬಿಸಿಲು ಬೀಳತೈತಿ ಅಲ್ಲಿ ಇಡು, ಹೋಗು!"

"ಆತು ತಗೋರಿ."

ಹೆಂಡತಿ ಇಷ್ಟು ಸುಲಭಕ್ಕೆ ಒಪ್ಪಿದರೆ ಗಂಡನಾದವನು ಹೆದರಬೇಕು. ಸತ್ಯವಂತರು ಹಿಗ್ಗಿದರು!

ಮರುದಿನ ಭಾನುವಾರ. ಸತ್ಯವಂತರ ಪ್ರಯೋಗಗಳನ್ನೆಲ್ಲ ಚರ್ಚಿನ ಅಂಗಳದಲ್ಲಿ ಆಡಿಕೊಂಡು ನಗುವ ಡೋರಾಳ ಅಣ್ಣ ಕಾಲೆಬ, ಹೆಂಡತಿ ಪ್ರಿಸಿಲ್ಲಾಳೊಂದಿಗೆ ಊಟಕ್ಕೆ ಬರುವವನಿದ್ದ. ಬರೀ ಬಿಸಿಲಿನಿಂದ ಎಸಿ ಓಡಿಸಿ ಅವನ ಬಾಯಿ ಮುಚ್ಚಿಸಬೇಕು. ಇಲ್ಲವಾದರೆ ಮುಂದಿನ ವಾರ ಚರ್ಚಿನಲ್ಲಿ ಮುಖ ಎತ್ತುವಂತಿಲ್ಲ.

ಬಂದರು. ಸತ್ಯವಂತರು ಅವರೆದುರೇ ಊರ ಕರೆಂಟಿನ ಮೇನ್ ಸ್ವಿಚ್ ಇಳಿಸಿದರು. "ನೋಡ್ರಿ ಭಾವಾ, ಇನ್ನ ಬರೇ ಸೂರ್ಯ!"

ಎಸಿ ಗುಂಯ್ ಎಂದಿತು, ಎರಡು ಸಲ ಕೆಮ್ಮಿತು, ಕಣ್ಣು ಮುಚ್ಚಿತು. ಹಿಂದೆಯೇ ಫ್ಯಾನೂ!

"ಭಾನುವಾರ ಸೂರ್ಯಗೂ ಸೂಟಿ ಏನ್ರಿ?" ಎಂದ ಕಾಲೆಬ, ಬೆವರು ಒರೆಸಿಕೊಳ್ಳುತ್ತ. ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಕಾಗೆಯನ್ನೂ ಹುರಿಯುವಂತಿತ್ತು.

ಸತ್ಯವಂತರು ಮೆಟ್ಟಿಲು ಹಾರಿ ಹಾರಿ ಮಾಳಿಗೆಗೆ ಓಡಿದರು. ಉಳಿದವರೂ ಬೆನ್ನಿಗೇ ಬಂದರು. ನೋಡಿದರೆ, ಪ್ಯಾನಲ್‌ಗಳೇ ಇಲ್ಲ! ಇದ್ದವು, ಆದರೆ ಒಂದೊಂದರ ಮೇಲೂ ಸತ್ಯವಂತರದೇ ಹಳೇ ಧೋತರ, ಮೂಲೆ ಮೂಲೆಗೆ ಬಿಗಿದು ಕಟ್ಟಿದ್ದು. ಅದರ ತುಂಬ ಸಾಲು ಸಾಲು ಅಕ್ಕಿ ಸಂಡಿಗೆ.

"ಡೋರಾ! ಏನಿದು ಅನಾಹುತ!"

"ನೀವ ಅಂದ್ರಲ್ರಿ, ಬಿಸಿಲು ಬಿದ್ದಲ್ಲಿ ಇಡು ಅಂತ. ಇದಕ್ಕಿಂತ ಛಲೋ ಬಿಸಿಲು ಇನ್ನೆಲ್ಲೈತಿ? ಚರ್ಚಿಗೆ ಹೋಗೂ ಮೊದಲ ಇಟ್ಟೇನಿ."

ಸತ್ಯವಂತರಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕಾಲೆಬ ಆಗಲೇ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಪ್ರಿಸಿಲ್ಲಾ ಮಾತ್ರ ನಗಲಿಲ್ಲ. ಒಂದು ಸಂಡಿಗೆ ಎತ್ತಿ ಮುರಿದಳು. ಕಟ್!

"ಅಯ್ಯ, ಒಪ್ಪತ್ತಿನ್ಯಾಗ ಎಷ್ಟ ಛಂದ ಒಣಗ್ಯಾವ!" ಎಂದು ಗಂಡನತ್ತ ತಿರುಗಿದಳು. "ನಗೂದು ಸಾಕು. ನಾಳೇನ ನಮ್ಮನಿಗೂ ಸೋಲಾರ್ ಹಾಕಸ್ರಿ."

ಸತ್ಯವಂತರ ಎದೆ ಮತ್ತೆ ಉಬ್ಬಿತು. ಗೆದ್ದೆ! "ಎಷ್ಟು ಕಿಲೋವ್ಯಾಟಿಂದು ಹಾಕಸೂಣ್ರಿ ಅಕ್ಕಾರ?"

"ವ್ಯಾಟು ಗೀಟು ನನಗ ತಿಳಿಯಂಗಿಲ್ರಿ. ಹತ್ತು ಶೇರು ಅಕ್ಕಿ ಸಂಡಿಗಿ ಹಿಡಿಸಿದ್ರ ಸಾಕು. ವೈರ್ ಮಾತ್ರ ಬ್ಯಾಡ. ಅದು ಸುಮ್ಮನ ದಂಡ!"