ಹನ್ನೆರಡು ಪೇಪರು, ಒಂದು ಹುದ್ದೆ

ಪ್ರಿನ್ಸಿಪಾಲರು ಆ ಫೈಲನ್ನು ಅತಿಥಿ ಮೇಷ್ಟ್ರ ಕೈಗಿಟ್ಟದ್ದು ಬೆಳಿಗ್ಗೆ ಹತ್ತಕ್ಕೆ. ಮೇಷ್ಟ್ರು ಅದನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಚ್ಚಿದ್ದು ಹತ್ತೂ ಐದಕ್ಕೆ. ನಡುವಿನ ಐದು ನಿಮಿಷದಲ್ಲಿ ಎಲ್ಲಾದರೂ ಓಡಿಹೋಗಿದ್ದರೆ ಬಚಾವಾಗುತ್ತಿದ್ದರು.

"ಒಂದನೆಯದಾಗಿ, ಇದು ಹೊಸ ಕೋರ್ಸು. ಸಾರ್ವಜನಿಕ ನೀತಿಯಲ್ಲಿ ಎಂ.ಎ. ಬೇಕೋ ಬೇಡವೋ, ಯಾವ ಪಾಠ ಇರ್ಬೇಕು, ಯಾವುದು ಹೋಗ್ಬೇಕು, ಅಳೆದು ತೂಗಿ ವರದಿ ಬರೀರಿ. ನಾಲ್ಕು ಗಂಟೆಗೆ ಸಮಿತಿ ಬರುತ್ತೆ," ಎಂದಿದ್ದರು ಪ್ರಿನ್ಸಿಪಾಲರು. ಅವರ ಮಾತೆಲ್ಲ 'ಒಂದನೆಯದಾಗಿ' ಎಂದೇ ಶುರುವಾಗುತ್ತಿತ್ತು. ಎರಡನೆಯದನ್ನು ಯಾರೂ ಕೇಳಿದವರಿಲ್ಲ.

ಅತಿಥಿ ಮೇಷ್ಟ್ರು ಎಂಬುದು ಹೆಸರಲ್ಲ, ಹುದ್ದೆ. ನಿಜ ಹೇಳಬೇಕೆಂದರೆ ಹುದ್ದೆಯೂ ಅಲ್ಲ. ಮನೆಗೆ ಬಂದ ಅತಿಥಿ ಮೂರು ದಿನಕ್ಕೇ ಹಳಸುತ್ತಾನೆ. ಇವರು ಹದಿಮೂರು ವರ್ಷದಿಂದ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ ಅದೇ ಕಾಲೇಜಿಗೆ ಅತಿಥಿಯಾಗುತ್ತಿದ್ದರು. ಕಾಯಂ ಆದವರು ಮುಟ್ಟದ ಕೆಲಸವೆಲ್ಲ ಅವರ ಪಾಲಿಗೆ. ಆದರೆ ಈ ಫೈಲಿನ ಒಂಬತ್ತನೇ ಪುಟದಲ್ಲಿ ಒಂದು ಸಾಲಿತ್ತು: 'ಈ ಕೋರ್ಸಿಗೆ ಒಬ್ಬ ಕಾಯಂ ಅಧ್ಯಾಪಕರ ಅಗತ್ಯವಿದೆ.' ನೀತಿಯನ್ನು ವಿಷಯವಾಗಿ ಓದಿದವರು ಕಾಲೇಜಿಗೆಲ್ಲ ಇವರೊಬ್ಬರೇ. ಈ ವರ್ಷ ಕಳೆದರೆ ಕಾಯಂ ಕೆಲಸಕ್ಕೆ ಇರುವ ವಯಸ್ಸಿನ ಮಿತಿಯೂ ದಾಟುತ್ತಿತ್ತು.

ಆ ಸಾಲನ್ನು ಹೆಂಡತಿಗೆ ಫೋನಿನಲ್ಲಿ ಎರಡು ಸಲ ಓದಿ ಹೇಳಿದರು.

"ರೀ, ಇದೊಂದ್ಸಲ ಪಾಪ ಗೀಪ ಅನ್ಕೊಂಡು ಕೂರ್ಬೇಡಿ," ಎಂದಳು ಅವಳು. "ಯಾರು ಏನ್ ಕೇಳಿದ್ರೂ ಆಗಲ್ಲ ಅನ್ನಿ. ಎಲ್ಲಿ, ಅನ್ನಿ ನೋಡೋಣ."

"ಆಗಲ್ಲ."

"ಗಟ್ಟಿಯಾಗಿ."

"ಆಗಲ್ಲಾ!"

ಎದುರಿನ ಮೇಜಿನ ಸಂಖ್ಯಾಶಾಸ್ತ್ರದವರು ತೂಕಡಿಕೆಯಿಂದ ಎದ್ದರು. "ಏನ್ರೀ ಆಗಲ್ಲ?" ಬೆಕ್ಕಿಗೆ ಹಾಲಿನ ವಾಸನೆ ಬಡಿದಂತೆ ಅವರಿಗೆ ಫೈಲಿನ ವಾಸನೆ ಬಡಿಯಿತು.

ಆ ಕಾಲೇಜಿನಲ್ಲೊಂದು ನಿಯಮ. ವಾರಕ್ಕೆ ಹದಿನಾರು ಗಂಟೆ ಪಾಠವಿಲ್ಲದ ಅಧ್ಯಾಪಕರು 'ಹೆಚ್ಚುವರಿ'. ಹೆಚ್ಚುವರಿ ಎಂದರೆ ದೂರದೂರಿಗೆ ವರ್ಗ. ಒಂದು ಪೇಪರು ಸಿಕ್ಕರೆ ವಾರಕ್ಕೆ ನಾಲ್ಕು ಗಂಟೆ. ವಿದ್ಯಾರ್ಥಿಗಳು ವರ್ಷವರ್ಷಕ್ಕೂ ಕರಗುತ್ತಿದ್ದುದರಿಂದ ಹೊಸ ಕೋರ್ಸೆಂದರೆ ಎಲ್ಲರಿಗೂ ಪ್ರವಾಹದಲ್ಲಿ ತೇಲಿಬಂದ ದಿಮ್ಮಿ.

"ನನ್ ಕ್ಲಾಸಲ್ಲಿ ಇರೋರು ಮೂವರು. ಒಬ್ಬನಿಗೆ ಜ್ವರ ಬಂದ್ರೆ ಶೇಕಡಾ ಮೂವತ್ತಮೂರು ಖಾಲಿ," ಎಂದರು ಸಂಖ್ಯಾಶಾಸ್ತ್ರದವರು. "ಲೆಕ್ಕ ಗೊತ್ತಿಲ್ದೆ ಎಂಥಾ ನೀತಿ? ಮೂರು ಪೇಪರ್ ಹಾಕಿ."

"ಆಗಲ್ಲ ಸಾರ್. ಹನ್ನೆರಡು ಪೇಪರಿಗಿಂತ ಜಾಸ್ತಿ ಇರೋ ಹಾಗಿಲ್ಲ."

ಅವರು ವಾದಿಸಲಿಲ್ಲ. ಪ್ಯಾಂಟು ಮೇಲೆತ್ತಿ ಮಂಡಿ ತೋರಿಸಿದರು. ಅದು ರುಬ್ಬುವ ಗುಂಡಿನಂತೆ ಊದಿತ್ತು. "ರಿಟೈರಾಗೋಕೆ ಹದಿನಾಲ್ಕು ತಿಂಗಳು. ಇದನ್ನ ಹೊತ್ಕೊಂಡು ಎಲ್ಲಿಗೆ ಹೋಗ್ಲಿ ಹೇಳಿ?"

ಮಂಡಿಗೆ ಉತ್ತರ ಕೊಡುವುದನ್ನು ಮೇಷ್ಟ್ರ ಹೆಂಡತಿ ಹೇಳಿಕೊಟ್ಟಿರಲಿಲ್ಲ. ನೀತಿಯ ಮೂರು ಪೇಪರಿಗೆ ಗೀಟು ಬಿತ್ತು.

ಹನ್ನೆರಡಕ್ಕೆ ಭೂಗರ್ಭಶಾಸ್ತ್ರದವರು ಬಂದರು. ಅವರ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಒಂದು ಯುಗ ಕಳೆಯುತ್ತಿತ್ತು.

"ರಸ್ತೆ... ಮಾಡ್ತೀರಿ. ಸೇತುವೆ... ಕಟ್ತೀರಿ. ಕೆಳಗೆ... ಏನಿದೆ?"

"ಮಣ್ಣು ಸಾರ್."

"ಆ ಮಣ್ಣಿಗೇ... ಮೂರು ಪೇಪರು."

ಆಗಲ್ಲ ಎಂದು ಹೇಳಿ ಮುಗಿಸಿದರೂ ಅದು ಅವರನ್ನು ತಲುಪುವಷ್ಟರಲ್ಲಿ ಅವರು ಥ್ಯಾಂಕ್ಸ್ ಹೇಳಿ ಹೊರಟಿದ್ದರು. ಅವರ ಹಿಂದೆಯೇ ದೈಹಿಕ ಶಿಕ್ಷಕರು ಸೀಟಿ ಊದುತ್ತ ಬಂದು, "ಫೈಲ್ ಓಡ್ಬೇಕಾದ್ರೆ ಮೊದ್ಲು ಆಫೀಸರ್ ಓಡ್ಬೇಕು ಸಾರ್!" ಎಂದು ಒಂದು ಪೇಪರು ಗಿಟ್ಟಿಸಿಕೊಂಡರು.

ಸಾಹಿತ್ಯದ ಮೇಡಂ ಮಾತ್ರ ಏನೂ ಕೇಳಲಿಲ್ಲ. ಮಧ್ಯಾಹ್ನ ಬ್ಯಾಗು ಹೆಗಲಿಗೇರಿಸಿ ಮನೆಗೆ ಹೊರಟವರು ಮೇಷ್ಟ್ರ ಮೇಜಿನ ಬಳಿ ಒಂದು ಗಳಿಗೆ ನಿಂತರು.

"ನಾನು ಕೇಳಲ್ಲ ಬಿಡು ತಮ್ಮಾ. ನೀತಿಗೂ ಕಾವ್ಯಕ್ಕೂ ಎಲ್ಲಿಯ ಸಂಬಂಧ. ಅಮ್ಮ ಹಾಸಿಗೆ ಹಿಡಿದು ಆರು ವರ್ಷ ಆಯ್ತು ನೋಡು, ಮಧ್ಯಾಹ್ನ ಹೋಗಿ ಮಗ್ಗುಲು ಬದಲಾಯಿಸ್ಬೇಕು. ಇಲ್ಲಿಂದಾದ್ರೆ ಹತ್ತು ನಿಮಿಷದ ದಾರಿ. ಅಷ್ಟೇ ನನ್ನ ಚಿಂತೆ."

ಅವರು ಹೋದ ಮೇಲೆ ಮೇಷ್ಟ್ರು ನೀತಿಯ ಇನ್ನೊಂದು ಪೇಪರಿಗೆ ಗೀಟೆಳೆದರು. ಆಮೇಲೆ 'ಆಡಳಿತದಲ್ಲಿ ಕರುಣೆ: ಭಾಗ ಒಂದು' ಎಂದು ಬರೆದರು. ಭಾಗ ನಾಲ್ಕರವರೆಗೂ ಬರೆದರು.

ಮೂರೂವರೆಗೆ ಎಣಿಸಿದರೆ ನೀತಿಗೆ ಉಳಿದಿದ್ದು ಒಂದೇ ಪೇಪರು. ಕೋರ್ಸು ಊರಿನ ಕೊನೇ ಬಸ್ಸಿನಂತಾಗಿತ್ತು, ಬಾಗಿಲಲ್ಲೂ ಜನ. ಇದನ್ನು ಸಮಿತಿ ಕಸದ ಬುಟ್ಟಿಗೆ ಎಸೆಯುವುದು ಖಂಡಿತ, ಜೊತೆಗೆ ತನ್ನ ಹುದ್ದೆಯನ್ನೂ. ಯಾವುದನ್ನಾದರೂ ಹೊಡೆದುಹಾಕೋಣವೆಂದು ಪೆನ್ನೆತ್ತಿದರು. ಒಂದು ಕಡೆ ಮಂಡಿ, ಇನ್ನೊಂದು ಕಡೆ ಮಗ್ಗುಲು. ಪೆನ್ನಿಗೆ ಮುಚ್ಚಳ ಹಾಕಿದರು.

ಸಮಿತಿಯ ಅಧ್ಯಕ್ಷೆ ಕೋರ್ಸುಗಳನ್ನು ತಿರಸ್ಕರಿಸುವುದರಲ್ಲಿ ಹೆಸರಾದವರು. ಎಲ್ಲರನ್ನೂ ಎದುರು ಕೂರಿಸಿಕೊಂಡು ವರದಿಯನ್ನು ಇಪ್ಪತ್ತು ನಿಮಿಷ ಓದಿದರು.

"ಲೆಕ್ಕ, ಕಲ್ಲು, ಕರುಣೆ, ಓಟ... ಇದನ್ನೆಲ್ಲ ಪಾಠ ಮಾಡೋರು ಯಾರ್ರೀ?"

"ನಾನು ಮೇಡಂ!" "ನಾನು ಮೇಡಂ!" ಕೈಗಳು ಎದ್ದವು. ಭೂಗರ್ಭಶಾಸ್ತ್ರದವರ ಕೈ ಜೀವಮಾನದಲ್ಲೇ ಮೊದಲ ಬಾರಿಗೆ ಎಲ್ಲರಿಗಿಂತ ಮುಂಚೆ ಎದ್ದಿತ್ತು.

"ಸರಿ. ಉಳಿದ ಈ ಒಂದು ಪೇಪರು?"

ಅತಿಥಿ ಮೇಷ್ಟ್ರು ಎದ್ದು ನಿಂತು ಬಾಯಿ ತೆರೆದರು. ಅಷ್ಟರಲ್ಲಿ ಪ್ರಿನ್ಸಿಪಾಲರೂ ಎದ್ದರು. ಅವರಿಗೂ ವಾರಕ್ಕೆ ನಾಲ್ಕು ಗಂಟೆ ಕಡಿಮೆ ಬೀಳುತ್ತಿತ್ತೆಂದು ಯಾರಿಗೂ ಗೊತ್ತಿರಲಿಲ್ಲ.

"ಒಂದನೆಯದಾಗಿ, ಅದನ್ನ ನಾನೇ ತಗೋತೀನಿ ಮೇಡಂ. ಎರಡನೆಯದಾಗಿ, ಸಂತೋಷವಾಗಿ ತಗೋತೀನಿ."

"ಮತ್ತೆ ಈ ಹೊಸ ಹುದ್ದೆ ಯಾಕ್ರೀ?" ಅಧ್ಯಕ್ಷೆ ಒಂಬತ್ತನೇ ಪುಟ ತೆಗೆದು ಆ ಸಾಲಿನ ಮೇಲೆ ಕೆಂಪು ಗೀಟೆಳೆದರು. "ಹೊಸ ಮೇಷ್ಟ್ರೇ ಬೇಡದ ಹೊಸ ಕೋರ್ಸು! ಮೂವತ್ತು ವರ್ಷದಲ್ಲಿ ಇದೇ ಮೊದಲು ನೋಡ್ತಿರೋದು. ಮಂಜೂರು. ಈ ವರದಿ ಬರೆದೋರು ಯಾರು? ಎದ್ದು ನಿಲ್ಲಿ."

ಮೇಷ್ಟ್ರು ನಿಂತೇ ಇದ್ದರು. ಕೂರಲು ಮರೆತಿದ್ದರು.

ಚಪ್ಪಾಳೆಯೋ ಚಪ್ಪಾಳೆ. ಸಂಖ್ಯಾಶಾಸ್ತ್ರದವರು ಮಂಡಿ ಮರೆತು ಎದ್ದು ನಿಂತು ತಟ್ಟಿದರು. ಸಾಹಿತ್ಯದ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಸದ್ದಿನ ನಡುವೆ ಮೇಷ್ಟ್ರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಕಾರಿಡಾರಿಗೆ ಬಂದು ಕಿವಿಗಿಟ್ಟರು.

"ರೀ, ಅದು ಚಪ್ಪಾಳೆ ಅಲ್ವಾ? ಕೋರ್ಸು ಪಾಸಾಯ್ತಾ?"

"ಪಾಸಾಯ್ತು. ಆದ್ರೆ ಕೇಳಿಲ್ಲಿ..."

"ನನಗ್ ಗೊತ್ತಿತ್ತು!" ಅವಳು ಅಳುತ್ತಿದ್ದಳು. "ಹದಿಮೂರು ವರ್ಷ ಆಯ್ತು ರೀ, ಇಷ್ಟು ಜೋರು ಚಪ್ಪಾಳೆ... ಇರಿ, ನನಗೆ ಮಾತೇ ಬರ್ತಿಲ್ಲ. ಪಕ್ಕದ್ಮನೆ ಅಕ್ಕ ಇಲ್ಲೇ ಇದಾರೆ, ಅವರ ಹತ್ರ ಮಾತಾಡಿ."

ಫೋನು ಕೈ ಬದಲಾಯಿತು.

"ಅಂತೂ ನಮ್ ಮೇಷ್ಟ್ರು ಕಾಯಂ ಆದ್ರಲ್ಲಪ್ಪಾ! ಒಂದು ಮಾತು. ನಮ್ ಮಗಳೂ ಎಂ.ಎ. ಮುಗಿಸಿ ಮನೇಲೇ ಕೂತಿದಾಳೆ. ಈಗ ನಿಮ್ಮ ಕೈಯಲ್ಲೇ ಇದೆಯಲ್ಲ, ಅವಳಿಗೂ ಒಂದು ಪೇಪರ್ ನೋಡಿ ಕೊಡಿ. ಹೆಚ್ಚೇನಿಲ್ಲ, ಒಂದೇ ಒಂದು."

ಒಳಗೆ ಇನ್ನೂ ಚಪ್ಪಾಳೆ ನಿಂತಿರಲಿಲ್ಲ.

"ಅವಳಿಗೆ ವಯಸ್ಸೆಷ್ಟು ಅಕ್ಕಾ?"

"ಇಪ್ಪತ್ಮೂರು."

"ಹಾಗಾದ್ರೆ ಇನ್ನೂ ಬೇಕಾದಷ್ಟು ಟೈಮಿದೆ ಬಿಡಿ," ಎಂದರು ಮೇಷ್ಟ್ರು.