ನನಗಿಲ್ಲದ ಸಕ್ಕರೆ ಕಾಯಿಲೆ

ಕಂಪನಿಯವರು ಬಾಯ್ತುಂಬ ‘ಪಾರ್ಟನರ್’ ಎಂದರೆ ನನ್ನ ಎದೆ ಡವಗುಟ್ಟುತ್ತದೆ. ನವಲಗುಂದದಲ್ಲಿ ತಂಪು ಪಾನೀಯದ ಏಜೆನ್ಸಿ ಹಿಡಿದ ಮೇಲೆ ನನಗಾದ ಜ್ಞಾನೋದಯ ಇಷ್ಟೇ: ಮಾಲು ತಾನಾಗಿ ಹೋಗುವಾಗ ನಾನು ಏಜೆಂಟ್, ಹೋಗದ ಮಾಲು ಬಂದಾಗ ಪಾರ್ಟನರ್. ಈ ಬೇಸಗೆಯಲ್ಲಿ ಹುಬ್ಬಳ್ಳಿಯಿಂದ ಬಂದ ಕಂಪನಿಯ ಸೇಲ್ಸ್ ಆಫೀಸರು ಮಾತುಮಾತಿಗೂ ಪಾರ್ಟನರ್ ಎಂದಾಗಲೇ ಎಚ್ಚರಾಗಬೇಕಿತ್ತು. ಅವರ ಬೆನ್ನಿಗೇ ಸಕ್ಕರೆಯಿಲ್ಲದ ಹೊಸ ಪಾನೀಯ ತುಂಬಿದ ಗಾಡಿ ಬಂತು. “ಗ್ರಾಹಕರು ಬದಲಾಗ್ಯಾರ್ರಿ. ಈಗ ಎಲ್ಲಾರಿಗೂ ಹೆಲ್ತ್ ಬೇಕು,” ಎಂದರು.

ಬದಲಾದ ಆ ಗ್ರಾಹಕರನ್ನು ಹುಡುಕುತ್ತ ತಿರ್ಲಾಪುರದ ಬಸವಣ್ಣೆಪ್ಪನ ಅಂಗಡಿಗೆ ಹೋದೆ. ಅವನು ಬಾಟಲಿಯನ್ನು ಹಿಂದೆ ಮುಂದೆ ತಿರುಗಿಸಿ, “ಸಕ್ರಿ ಇಲ್ಲದ್ದು ಯಾರ್ ಕುಡೀತಾರ್ರಿ?” ಎಂದ. ಕಟ್ಟೆಯ ಮೇಲೆ ಕುಳಿತವರೆಲ್ಲ ನಕ್ಕರು. ನನಗೆ ರೋಷ ಬಂತು. “ನಾನಽ ಕುಡೀತೀನಿ, ನೋಡು,” ಎಂದು ಮುಚ್ಚಳ ತೆಗೆದು ಗಟಗಟ ಕುಡಿದೆ. ಕಟ್ಟೆಯ ನಗು ನಿಂತಿತು. ಬಸವಣ್ಣೆಪ್ಪ ದನಿ ತಗ್ಗಿಸಿ ಕೇಳಿದ: “ಯಾವಾಗಿಂದ ಐತ್ರಿ ಸಾವ್ಕಾರ್ರ, ಶುಗರು?”

ಇಲ್ಲವೆಂದೆ. ಇಲ್ಲವೆಂದಷ್ಟೂ ಅವನ ಮುಖದಲ್ಲಿ ಮರುಕ ಹೆಚ್ಚಿತು. “ಮುಚ್ಚಿಡಬಾರದ್ರಿ. ನಮ್ಮ ಕಾಕಾನೂ ಹಿಂಗಽ ಅಂತಿದ್ರು.” ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಗಿರಿಜಾ ಬಾಗಿಲಲ್ಲೇ ಕಣ್ಣೊರೆಸಿಕೊಂಡು, “ಊರಿಗೆಲ್ಲಾ ಹೇಳೀರಿ, ನನಗೊಬ್ಬಾಕಿಗೆ ಹೇಳಾಕ ಏನಾಗಿತ್ತು?” ಎಂದಳು. ರಕ್ತ ಪರೀಕ್ಷೆ ಮಾಡಿಸಿ, ಏನೂ ಇಲ್ಲವೆಂದು ಡಾಕ್ಟರ ಬಾಯಿಂದಲೇ ಹೇಳಿಸಿದ ಮೇಲೆ ಅವಳೇನೋ ನಂಬಿದಳು. ಆದರೆ ಊರನ್ನೆಲ್ಲ ಡಾಕ್ಟರ ಹತ್ತಿರ ಕರೆದೊಯ್ಯಲು ಆಗುತ್ತದೆಯೇ?

ಜನ ನನ್ನನ್ನು ಮಾತಾಡಿಸಿಕೊಂಡು ಹೋಗಲು ಬರತೊಡಗಿದರು. ರೋಗಿಯ ಮನೆಗೆ ಬರಿಗೈಲಿ ಬರುವ ಪದ್ಧತಿ ನಮ್ಮಲ್ಲಿಲ್ಲ. ಬಾಳೆಹಣ್ಣು ತರೋಣವೆಂದರೆ ಸಿಹಿ, ಬಿಸ್ಕಿಟ್ಟೂ ಸಿಹಿ. ಯೋಚಿಸಿ ಯೋಚಿಸಿ ಎಲ್ಲರೂ ತಂದದ್ದು ನಾನೇ ಅಂಗಡಿಗಳಿಗೆ ಹಾಕಿದ್ದ ಸಕ್ಕರೆಯಿಲ್ಲದ ಬಾಟಲಿ! ಕ್ರಮೇಣ ಬೇರೆ ಶುಗರಿನವರ ಮನೆಗೂ ಅದನ್ನೇ ಒಯ್ಯುವ ರೂಢಿಯಾಯಿತು. ಬಸವಣ್ಣೆಪ್ಪ ಫೋನಿನಲ್ಲಿ, “ಇನ್ನಷ್ಟು ಮಾಲು ಕಳಸ್ರಿ,” ಎಂದವನು, ನೆನಪಾದವನಂತೆ, “ಆರಾಮ ಅದೀರಲ್ಲ?” ಎಂದ.

ಆಫೀಸರು ಶಾಲು ಹಿಡಿದುಕೊಂಡೇ ಬಂದರು. “ಏನ್ ಉಪಾಯ ಮಾಡಿದ್ರಿ?” ಎಂದು ಕೇಳಿದಾಗ ನಿಜ ಹೇಳಿದೆ. ನಗುತ್ತಾರೆಂದುಕೊಂಡರೆ ಗಂಭೀರರಾದರು. “ಕಲಘಟಗಿ ಕಡೆ ಮಾಲು ಅಗದೀ ನಿಂತುಬಿಟ್ಟೈತ್ರಿ. ಅಲ್ಲೇ ದುಮ್ಮವಾಡದಾಗ ನಿಮ್ಮ ಬೀಗರು ಅದಾರಂತಲ್ಲ. ಅವರ ಮನೀಗೆ ಒಂದೀಟು ಹೋಗಿ ಬರ್ರಿ.”

ಗಿರಿಜಾಳೂ ನಾನೂ ಹೋದೆವು. ಬೀಗರ ಮನೆಯಲ್ಲಿ ಹೋಳಿಗೆ ಮಾಡಿದ್ದರು. ತುಪ್ಪ ಸುರಿದ ಹೋಳಿಗೆಯನ್ನು ನನ್ನ ತಟ್ಟೆಯ ಮೇಲೆಯೇ ಹಿಡಿದು ಬೀಗಿತ್ತಿ ಕೇಳಿದರು: “ನಿಮಗ ಶುಗರ್ ಬಂದೈತಂತ, ಖರೇನಾ?” ನಾನು ಹೋಳಿಗೆಯನ್ನು ನೋಡಿದೆ. ಕಲಘಟಗಿಯಲ್ಲಿ ನಿಂತ ಮಾಲನ್ನು ನೆನೆದೆ. “ಹೌದ್ರಿ, ಸ್ವಲ್ಪ ಐತಿ,” ಎಂದೆ.

ಹೋಳಿಗೆ ಬಾಜು ಕುಳಿತ ಗಿರಿಜಾಳ ತಟ್ಟೆಗೆ ಹೋಯಿತು. ಎಲ್ಲ ಗೊತ್ತಿದ್ದ ಅವಳು ಅದರ ಮೇಲೆ ಇನ್ನಷ್ಟು ತುಪ್ಪ ಹಾಕಿಸಿಕೊಂಡಳು.