ಡಾಲರ್ ತೆಗಿ ಮಾರಾಯ

ಚೆನ್ನಪ್ಪ ತೀರಿಕೊಂಡ. ಹಂಪನಕಟ್ಟೆಯ ಪ್ರೆಸ್ಸಿನಲ್ಲಿ ಕೂತು ಊರವರ ಪುಸ್ತಕಗಳಿಗೆಲ್ಲ ಪುಟ ಕಟ್ಟಿದವನು ಅವನು. ಮೀನುಗಾರಿಕೆಯ ಬಗ್ಗೆ ಅವನೇ ಬರೆದ ಪುಸ್ತಕ ಮಾತ್ರ ಅಚ್ಚಾಗದೆ ಕಂಪ್ಯೂಟರಿನಲ್ಲೇ ಉಳಿಯಿತು.

ಗೆಳೆಯ ನಿತ್ಯಾನಂದ ಸುಮ್ಮನಿರಲಿಲ್ಲ. ಚೆನ್ನಪ್ಪನ ಹೆಂಡತಿ ಕುಮುದಿನಿಗೆ ಮಾತು ಕೊಟ್ಟೇಬಿಟ್ಟ. "ಉತ್ತರಕ್ರಿಯೆಯ ಬೊಜ್ಜಕ್ಕೆ ಬಂದವರೆಲ್ಲ ಪುಸ್ತಕ ನೋಡಿಯೇ ಊಟಕ್ಕೆ ಕೂರಬೇಕು! ಅಚ್ಚಾದರೆ ಹೇಗೆ ಕಾಣ್ತದೋ ಹಾಗೇ ತೋರಿಸುವ ಟೂಲ್ ಉಂಟು. ಒಂದು ಸಾಲು ಟೈಪ್ ಮಾಡಿದರೆ ಆಯ್ತು!"

ನಾಳೆ ಬೊಜ್ಜ ಎನ್ನುವಾಗ, ಶಕ್ತಿನಗರದ ತನ್ನ ಮನೆಯಲ್ಲಿ ರಣರಂಗಕ್ಕೆ ಇಳಿಯುವವನಂತೆ ಕನ್ನಡಕ ಏರಿಸಿ, ಲ್ಯಾಪ್‌ಟಾಪಿನ ಕಪ್ಪು ಕಿಟಕಿ ತೆರೆದ. ಟೂಲ್ ಇನ್‌ಸ್ಟಾಲ್ ಮಾಡುವ ಸೂಚನೆಯ ಸಾಲಿನ ಮುಂದೆ, 'ಇಲ್ಲಿಂದ ಟೈಪಿಸಿ' ಎಂಬ ಗುರುತಿಗಷ್ಟೇ ಒಂದು ಡಾಲರ್ ಚಿಹ್ನೆಯಿತ್ತು. ಅದನ್ನೂ ಭಕ್ತಿಯಿಂದ ಟೈಪಿಸಿದ. ತಪ್ಪು! ಮತ್ತೆ ಟೈಪಿಸಿದ. ಮತ್ತೆ ತಪ್ಪು!

"ಡಾಲರ್ ಯಾಕೆ? ನಮ್ಮ ರೂಪಾಯಿ ಹಾಕಿ ನೋಡಿ," ಎಂದಳು ಹೆಂಡತಿ ಸ್ವರ್ಣಲತಾ.

"ನಿನಗೆ ಎಂತ ಗೊತ್ತುಂಟು!" ಎಂದು ಗದರಿಸಿ, ಅವಳು ಒಳಗೆ ಹೋದ ಮೇಲೆ ರೂಪಾಯಿಯನ್ನೂ ಹಾಕಿ ನೋಡಿದ. ಅದೂ ತಪ್ಪು!

ಕಂಪ್ಯೂಟರ್ ಮುನಿದಾಗಲೆಲ್ಲ ಮಾಡುತ್ತಿದ್ದುದನ್ನೇ ಅವನ ಕೈ ಮಾಡಿತು. ಫೋನೆತ್ತಿ ಡಯಲ್ ಮಾಡಿತು.

"ಚೆನ್ನಪ್ಪಾ, ಈ ದರಿದ್ರ ಟೂಲು..."

ಆ ಕಡೆಯಿಂದ ಕುಮುದಿನಿಯ ಸ್ವರ: "ನಿತ್ಯಣ್ಣ, ಪುನಃ ಡಾಲರಾ?"

ನಿತ್ಯಾನಂದನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಹೋದ ವರ್ಷವೂ ಇವರು ನಿಮಗೆ ಇದಕ್ಕೇ ಬೈತಿದ್ದರಲ್ಲ. 'ಡಾಲರ್ ತೆಗಿ ಮಾರಾಯ' ಅಂತ." ನಗುತ್ತಲೇ ಹೇಳಿದಳು. ನಗು ಅರ್ಧಕ್ಕೇ ನಿಂತಿತು. ಇಬ್ಬರಿಗೂ ಫೋನ್ ಇಡಲು ತೋಚಲಿಲ್ಲ.

ಕೊನೆಗೆ ಡಾಲರ್ ತೆಗೆದು ಟೈಪಿಸಿದ. ಉತ್ತರ ಥಟ್ಟನೆ ಬಂತು: ಈ ಟೂಲ್ ಈಗಾಗಲೇ ಇನ್‌ಸ್ಟಾಲ್ ಆಗಿದೆ!

"ಇದನ್ನು ಹಾಕಿದ್ದು ಯಾರು?"

ಸ್ವರ್ಣಲತಾ ಸೆರಗಿಗೆ ಕೈ ಒರೆಸುತ್ತ ಬಂದಳು. "ಆಸ್ಪತ್ರೆಗೆ ಹೋಗುವ ದಿನ ಚೆನ್ನಪ್ಪಣ್ಣ ಬಂದಿದ್ದರು. ನೀವು ಮೀನು ತರ್ಲಿಕ್ಕೆ ಹೋಗಿದ್ದಿರಿ."

"ಮೊದಲೇ ಹೇಳ್ಲಿಕ್ಕೆ ಆಗ್ಲಿಲ್ವಾ!"

"ಹೇಳಬೇಡಿ ಅಂದಿದ್ದರು. 'ನಾನು ಹೋದರೆ ನನ್ನ ಪುಸ್ತಕ ತೋರಿಸ್ಲಿಕ್ಕೆ ಹೊರಡ್ತಾನೆ, ಅವನಿಂದ ಆಗುವುದಿಲ್ಲ. ತಾನೇ ಹಾಕಿದ್ದು ಅಂತ ನಾಲ್ಕು ಜನರ ಎದುರು ಜಂಬ ಕೊಚ್ಚಲಿ, ಪಾಪ' ಅಂತ."

ಗೇಟಿನಲ್ಲಿ ರಿಕ್ಷಾದವನು ಹಾರ್ನ್ ಹೊಡೆಯುತ್ತಿದ್ದನಂತೆ. "ಬಂದೆ ಮಾರಾಯ, ಒಂದೇ ಸಾಲು," ಎಂದು ಕೂಗಿ, ಒಂದೊಂದೇ ಅಕ್ಷರ ಒತ್ತಿ, ಚೆನ್ನಪ್ಪ ಎಂಟರ್ ಕುಟ್ಟಿದನಂತೆ.